ಹೊಲ ಮಾರುವ ಮೊದಲು ಕಾಲೇಜಿನಿಂದ ಒಂದು ಪತ್ರ ತರಿಸಿ

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನಮ್ಮ ಅಣ್ಣ ಟೆಕ್ಸಾಸ್‌ನಲ್ಲಿ ನೆಲೆಸಿ ಅಲ್ಲಿಯ ಪೌರತ್ವ ಪಡೆದಿದ್ದಾನೆ. ಅವನ ಮಗಳು ಹುಟ್ಟಿದ್ದೇ ಅಲ್ಲಿ. ಪದವಿ ಮುಗಿಸಿದ್ದಾಳೆ, ಪಶುವೈದ್ಯೆ ಆಗಬೇಕೆಂಬ ಹಟ. ಅಲ್ಲಿ ಸೀಟು ಸಿಗದೆ, ಸ್ಕಾಟ್‌ಲೆಂಡಿನ ಎಡಿನ್‌ಬರೊದಲ್ಲಿ ನಾಲ್ಕು ವರ್ಷದ ಕೋರ್ಸಿಗೆ ಸಿಕ್ಕಿದೆ. ಈ ಸೆಪ್ಟೆಂಬರಿಗೆ, ಅಂದರೆ 2026ರಲ್ಲಿ ಸೇರಬೇಕು. ಖರ್ಚಿಗೆಂದು ಅಣ್ಣ ತನ್ನ ಪಾಲಿನ ನಾಲ್ಕು ಎಕರೆ ಮಾರಲು ಹೊರಟಿದ್ದಾನೆ. ಅಪ್ಪ ಬಿಟ್ಟುಹೋದ ಆ ಹೊಲದಲ್ಲಿ ದುಡಿಯುತ್ತಿರುವವರು ನಾವು. ಹುಡುಗಿ ಬೀದರಿನಲ್ಲೇ ಓದಬಾರದೇ?
— ಒಬ್ಬ ಸೋದರತ್ತೆ, ಭಾಲ್ಕಿ ತಾಲ್ಲೂಕು

ಉತ್ತರ: ತಂಗಿ, ನಿಮ್ಮ ಕೊನೆಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಔರಾದ್, ಭಾಲ್ಕಿಯ ಹಳ್ಳಿಗಳಲ್ಲಿ ದೇವಣಿ ದನಗಳ ನಡುವೆ ಮೂವತ್ತು ವರ್ಷ ಕಳೆದವನು ನಾನು. ನಮ್ಮ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಬಗ್ಗೆ ನನಗಿರುವ ಹೆಮ್ಮೆ ಸಣ್ಣದಲ್ಲ. ಆದರೆ ಹುಡುಗಿ ಮುಂದೆ ವೃತ್ತಿ ಮಾಡುವುದು ಅಮೆರಿಕದಲ್ಲಿ. ಇಲ್ಲಿ ಐದೂವರೆ ವರ್ಷ ಓದಿ ಹೋದವರು ಅಲ್ಲಿ ವಿದೇಶಿ ಪದವೀಧರರಿಗೆಂದೇ ಇರುವ ಪರೀಕ್ಷೆಗಳನ್ನು ಮತ್ತೆ ದಾಟಬೇಕಾಗುತ್ತದೆ. ಎಡಿನ್‌ಬರೊಗೆ ಅಮೆರಿಕದ ಪಶುವೈದ್ಯಕೀಯ ಸಂಘದ ಮಾನ್ಯತೆ ಇದೆ. ಅಲ್ಲಿ ಓದಿದವಳು ಅಮೆರಿಕದ ವಿದ್ಯಾರ್ಥಿಗಳಂತೆಯೇ ನೇರವಾಗಿ ಪರವಾನಗಿ ಪರೀಕ್ಷೆಗೆ ಕೂರುತ್ತಾಳೆ. ಹುಡುಗಿಯ ಆಯ್ಕೆ ಸರಿಯಾಗಿದೆ.

ಮಾನ್ಯತೆಯ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ನನ್ನ ಷಡ್ಡಕರ ಮಗನೂ ಅಮೆರಿಕದ ಪ್ರಜೆಯೇ. ಫೀಸು ಕಡಿಮೆಯೆಂದು ಮಾನ್ಯತೆಯಿಲ್ಲದ ಒಂದು ವಿದೇಶಿ ಕಾಲೇಜಿಗೆ ಸೇರಿದ. ಸರ್ಕಾರಿ ಸಾಲ ಸಿಗಲಿಲ್ಲ. ಖಾಸಗಿ ಸಾಲಕ್ಕೆ ತಂದೆ ಜಾಮೀನು ನಿಂತರು. ನಿವೃತ್ತಿಯ ಹಣವೆಲ್ಲ ಆ ಕಂತುಗಳಿಗೇ ಹೋಯಿತು. ಆ ಮನೆಯ ಮೌನವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಮೆರಿಕದ ಪ್ರಜೆಗೆ ಅಲ್ಲಿಯ ಕೇಂದ್ರ ಸರ್ಕಾರದ ಶಿಕ್ಷಣ ಸಾಲ ಅರ್ಹ ವಿದೇಶಿ ಕಾಲೇಜುಗಳಿಗೂ ಸಿಗುತ್ತದೆ. ಅಲ್ಲಿಯ ಮಕ್ಕಳು ಸರ್ಕಾರಿ ಶಿಕ್ಷಣ ನೆರವಿಗೆಂದು ತುಂಬುವ ಫಾಫ್ಸಾ ಅರ್ಜಿಯೇ ಇದಕ್ಕೂ ಸಾಕು. ಸಾಲ ಹುಡುಗಿಯ ಹೆಸರಿನಲ್ಲಿ, ಅಡಮಾನ ಬೇಡ. ಆದರೆ ಹಿಂದೆ ಓದಿ ಬಂದವರ ಮಾತು ನಂಬಿ ಕೂರಬೇಡಿ. ಅವರ ಕಾಲದಲ್ಲಿ ಗ್ರಾಡ್ ಪ್ಲಸ್ ಎಂಬ ಸಾಲದಿಂದ ಪೂರ್ತಿ ಖರ್ಚು ತೂಗುತ್ತಿತ್ತು. 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಆ ಬಾಗಿಲು ಮುಚ್ಚಿದೆ. ಇನ್ನು ವೃತ್ತಿಪರ ಕೋರ್ಸಿಗೆ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್ ಮಿತಿ. ಸಾಮಾನ್ಯ ಸ್ನಾತಕೋತ್ತರ ಎಂದು ಪರಿಗಣಿಸಿದರೆ ವರ್ಷಕ್ಕೆ 20,500 ಮಾತ್ರ. ಎರಡಕ್ಕೂ ಎಷ್ಟು ಅಂತರ ನೋಡಿ! ಈ ಕೋರ್ಸನ್ನು ಯಾವ ವರ್ಗದಲ್ಲಿ ದೃಢೀಕರಿಸುತ್ತಾರೆ, ಊಟ ವಸತಿ ಸೇರಿ ವರ್ಷದ ಖರ್ಚು ಎಷ್ಟು, ಇವೆರಡನ್ನೂ ಕಾಲೇಜಿನ ಸಾಲ ವಿಭಾಗದಿಂದ ಬರಹದಲ್ಲಿ ತರಿಸಿಕೊಳ್ಳಲು ಅಣ್ಣನಿಗೆ ಹೇಳಿ. ಖರ್ಚು 75,000 ಡಾಲರ್ ಎಂದು ಬಂದು, ಸಾಲ 50,000 ಸಿಕ್ಕರೆ, ಮನೆಯವರು ಹೊಂದಿಸಬೇಕಾದದ್ದು ವರ್ಷಕ್ಕೆ 25,000. ಫೀಸು ಪೌಂಡಿನಲ್ಲಿ, ಸಾಲ ಡಾಲರಿನಲ್ಲಿ. ಆದ್ದರಿಂದ ಕೈಯಲ್ಲಿ ಸ್ವಲ್ಪ ಹೆಚ್ಚೇ ಇರಲಿ. ಮಗಳ ಓದಿಗೆಂದು 529 ಎಂಬ ಅಮೆರಿಕದ ಶಿಕ್ಷಣ ಉಳಿತಾಯ ಖಾತೆಯಲ್ಲಿ ಅಣ್ಣ ಉಳಿಸಿದ್ದರೆ, ಅರ್ಹ ವಿದೇಶಿ ಕಾಲೇಜಿಗೂ ಆ ಹಣ ಬಳಸಬಹುದು. ಮೊದಲು ಅದನ್ನು ಕೇಳಿ.

ಬಡ್ಡಿಯ ಮಾತು ಹುಡುಗಿಗೂ ಗೊತ್ತಿರಬೇಕು. ಈ ಸಾಲಕ್ಕೆ ಓದುವಾಗಲೇ ಬಡ್ಡಿ ಬೆಳೆಯುತ್ತದೆ. 2025–26ರ ದರ ಶೇ. 7.94. ಪ್ರತಿ ವರ್ಷದ ಹೊಸ ಸಾಲಕ್ಕೆ ದರ ಬೇರೆಯಾಗುತ್ತದೆ, ಆದರೂ ಇದನ್ನೇ ಹಿಡಿದು ವರ್ಷಕ್ಕೆ 50,000ದಂತೆ ಲೆಕ್ಕ ಹಾಕಿದೆ: ನಾಲ್ಕು ವರ್ಷ ಮುಗಿಯುವಷ್ಟರಲ್ಲಿ ಬಡ್ಡಿಯೇ 39,700 ಡಾಲರ್ ಆಗುತ್ತದೆ. ಓದಿನ ನಡುವೆ ಸ್ವಲ್ಪ ಸ್ವಲ್ಪ ಬಡ್ಡಿ ಕಟ್ಟಿದರೂ ಆ ಮಗುವಿನ ಹೆಗಲು ಹಗುರಾಗುತ್ತದೆ. ಮನೆಯವರ ಹಣ ಮೊದಲು ಹೋಗಬೇಕಾದದ್ದು ಅಲ್ಲಿಗೆ.

ಈಗ ಹೊಲ. ಅಮೆರಿಕದ ಪ್ರಜೆಯಾದ ನಿಮ್ಮ ಅಣ್ಣ ಪಿತ್ರಾರ್ಜಿತ ಹೊಲವನ್ನು ಇಟ್ಟುಕೊಳ್ಳಬಹುದು, ಇಲ್ಲಿ ವಾಸಿಸುವ ಭಾರತೀಯ ಪ್ರಜೆಗೆ ಮಾರಲೂಬಹುದು. ಆದರೆ ಒಮ್ಮೆ ಮಾರಿದರೆ ಮತ್ತೆ ಕೃಷಿ ಭೂಮಿ ಕೊಳ್ಳಲು ಓಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಇದ್ದವರಿಗೂ ಅವಕಾಶವಿಲ್ಲ. ಅಣ್ಣನಿಗೆ ಇದು ತಿಳಿದಿರಲಾರದು ಎಂದೇ ನನ್ನ ಅನಿಸಿಕೆ. ಜಗಳವಾಡಬೇಡಿ, ಈ ಒಂದು ಮಾತು ತಿಳಿಸಿ. ಪತ್ರ ಬಂದ ಮೇಲೂ ಕೊರತೆ ತುಂಬದಿದ್ದರೆ ಎರಡು ಎಕರೆ ಸಾಕೇ, ನೀವೇ ಕೊಳ್ಳಲು ಸಾಧ್ಯವೇ ಎಂದು ಕುಳಿತು ಮಾತನಾಡಿ.

ಕಾಲೇಜಿನ ಪತ್ರ ಬಂದ ಕೂಡಲೇ ಅದರ ಒಂದು ನಕಲನ್ನು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿ. ಲೆಕ್ಕ ಹಾಕಿ ಬರೆಯುತ್ತೇನೆ; ಅಲ್ಲಿಯವರೆಗೆ ಖರೀದಿದಾರರಿಂದ ಮುಂಗಡ ಪಡೆಯಬೇಡಿ.