23ರ ವಯಸ್ಸಿನಲ್ಲಿ ಪ್ಯಾಪ್ ಸ್ಮಿಯರ್ ವರದಿ: ಒಂದು ಪ್ರತಿಕ್ರಿಯೆ
ನಿಮಗೆ 23 ವರ್ಷ, ಪ್ಯಾಪ್ ಸ್ಮಿಯರ್ (ಗರ್ಭಕೋಶದ ಬಾಯಿಯಾದ ಗರ್ಭಕಂಠದಿಂದ ಜೀವಕೋಶಗಳನ್ನು ತೆಗೆದು ನೋಡುವ ಪರೀಕ್ಷೆ) ವರದಿಯಲ್ಲಿ ಎಲ್‌ಎಸ್‌ಐಎಲ್ ಎಂದಿದೆ, ಇದು ಕ್ಯಾನ್ಸರೇ ಎಂದು ಕೇಳಿದ್ದೀರಿ. ಅಲ್ಲ, ಇದು ಗರ್ಭಕಂಠದ ಜೀವಕೋಶಗಳಲ್ಲಿ ಕಂಡ ಸೌಮ್ಯ ಬದಲಾವಣೆ, ಸಾಮಾನ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ಎಂಬ ವೈರಸ್ ಸೋಂಕಿನ ಗುರುತು. ಈ ವಯಸ್ಸಿನಲ್ಲಿ ಇಂಥ ಸೋಂಕುಗಳಲ್ಲಿ ಹೆಚ್ಚಿನವನ್ನು ದೇಹದ ರೋಗನಿರೋಧಕ ಶಕ್ತಿಯೇ ಒಂದೆರಡು ವರ್ಷಗಳಲ್ಲಿ ಹತ್ತಿಕ್ಕುವುದರಿಂದ, 25 ವರ್ಷದೊಳಗಿನವರಿಗೆ ಅಮೆರಿಕದ ಮಾರ್ಗಸೂಚಿಯು ಒಂದು ವರ್ಷದ ನಂತರ ಮರುಪರೀಕ್ಷೆಯನ್ನಷ್ಟೇ ಸೂಚಿಸುತ್ತದೆ. ಭಾರತದಲ್ಲಿ ಗರ್ಭಕಂಠದ ಕ್ಯಾನ್ಸರ್‌ನ ಸರ್ಕಾರಿ ತಪಾಸಣೆಯಂತೂ ಆರಂಭವಾಗುವುದೇ 30ನೇ ವಯಸ್ಸಿನಲ್ಲಿ. ಅವಸರಪಟ್ಟು ಗರ್ಭಕಂಠದ ಭಾಗವನ್ನು ಕತ್ತರಿಸಿ ತೆಗೆಸಿದರೆ, ಮುಂದೆ ಅವಧಿಪೂರ್ವ ಹೆರಿಗೆಯ ಸಾಧ್ಯತೆ ಹೆಚ್ಚಬಹುದು. ಮರುಪರೀಕ್ಷೆಯಲ್ಲಿ ಎಚ್‌ಎಸ್‌ಐಎಲ್ (ಜೀವಕೋಶಗಳಲ್ಲಿ ಹೆಚ್ಚು ತೀವ್ರವಾದ ಬದಲಾವಣೆ) ಎಂದು ಬಂದರೆ ಕಾಲ್ಪೊಸ್ಕೊಪಿ, ಅಂದರೆ ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುವ ಪರೀಕ್ಷೆ, ಅಗತ್ಯ. ಸಂಭೋಗದ ನಂತರ ರಕ್ತಸ್ರಾವವಾಗುತ್ತಿದ್ದರೆ ವರ್ಷ ಕಾಯದೆ ಈಗಲೇ ಸ್ತ್ರೀರೋಗ ತಜ್ಞರನ್ನು ಕಾಣಿರಿ. ಎಚ್‌ಪಿವಿ ಲಸಿಕೆಯನ್ನು ಈಗಲೂ ಹಾಕಿಸಿಕೊಳ್ಳಬಹುದು, ಆದರೆ ಈಗಾಗಲೇ ಇರುವ ಸೋಂಕನ್ನು ಅದು ವಾಸಿ ಮಾಡುವುದಿಲ್ಲ.