ರಿಪೋರ್ಟ್‌ನ ಒಂದು ಪದಕ್ಕೆ ನಿಂತುಹೋದ ಮದುವೆ ಮಾತುಕತೆ

ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಆಲೂರು ಕಡೆಯ ಹುಡುಗಿ, 23 ವರ್ಷ. ಅಮ್ಮನ ಜೊತೆ ಹಾಸನಕ್ಕೆ ಬಂದು ನನ್ನನ್ನು ಕಂಡಳು. ತೆಳ್ಳಗಿದ್ದಾಳೆ, ಆದರೂ ಖಾಲಿ ಹೊಟ್ಟೆಯ ಶುಗರ್ ಮೂರು ವರ್ಷದಿಂದ 115, 118ರ ಆಸುಪಾಸಲ್ಲೇ ನಿಂತಿದೆ. ಡಾಕ್ಟರಿಗೆ ಅನುಮಾನ ಬಂದು ಜೀನ್ ಪರೀಕ್ಷೆ ಮಾಡಿಸಿದ್ದರು. ಜಿಸಿಕೆ ಎಂಬ ಜೀನ್‌ನಲ್ಲಿ ಒಂದು ಅಕ್ಷರ ಬದಲಾಗಿದೆ ಅಂತ ಬಂತು. ಕೆಳಗೆ ಸಿಫ್ಟ್, ಪಾಲಿಫೆನ್ ಎಂಬ ಎರಡು ಸಾಫ್ಟ್‌ವೇರ್‌ಗಳ ಹೆಸರು, ಎರಡರ ಮುಂದೆಯೂ 'ಹಾನಿಕರ'. ಸುದ್ದಿ ಗಂಡಿನ ಕಡೆಯವರಿಗೆ ಮುಟ್ಟಿ ಮಾತುಕತೆ ನಿಂತಿತು. "ನನ್ನಿಂದಲೇ ಬಂದಿದ್ದು ಅಲ್ವಾ ಮೇಡಂ?" ಅಂತ ಅಮ್ಮ ಅತ್ತರು. ಅವರಿಗೂ ಇಪ್ಪತ್ತು ವರ್ಷದಿಂದ ಸ್ವಲ್ಪ ಶುಗರ್ ಇದೆ, ಮಾತ್ರೆ ತಗೋತಾರೆ.

ಮಕ್ಕಳಿಗೆ ಯಾವ ಜೀನ್ ಹೋಗಬೇಕು ಅಂತ ಯಾರೂ ಆರಿಸಿ ಕೊಡೋದಿಲ್ಲ ಅಮ್ಮ, ಅಂದೆ.

ಆಮೇಲೆ ಮೊದಲ ಪುಟ ತೆಗೆದು ತೋರಿಸಿದೆ. ಅಲ್ಲಿದ್ದದ್ದು 'ಮಹತ್ವ ಖಚಿತವಿಲ್ಲ' ಅಂತ. ಅಂದರೆ ಈ ಬದಲಾವಣೆಯಿಂದ ತೊಂದರೆ ಇದೆಯೋ ಇಲ್ಲವೋ ಇನ್ನೂ ಗೊತ್ತಿಲ್ಲ. ಮನೆಯಲ್ಲಿ ಅದನ್ನು ಯಾರೂ ಓದಿರಲಿಲ್ಲ.

ಈ ಸಾಫ್ಟ್‌ವೇರ್‌ಗಳು ಹುಡುಗಿಯ ರಕ್ತ ನೋಡಿಲ್ಲ. ಇಲಿ, ಕೋಳಿ, ಮೀನು ಎಲ್ಲದರಲ್ಲೂ ಆ ಪ್ರೋಟೀನಿನ ಆ ಜಾಗ ಒಂದೇ ಥರ ಉಳಿದುಕೊಂಡು ಬಂದಿದ್ದರೆ, ಅಲ್ಲಿ ಬದಲಾದರೆ ತೊಂದರೆ ಆಗಬಹುದು ಅಂತ ಲೆಕ್ಕ ಹಾಕುತ್ತವೆ. ಪಾಲಿಫೆನ್ ಜೊತೆಗೆ ಪ್ರೋಟೀನಿನ ಆಕಾರವನ್ನೂ ನೋಡುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ಮಾಹಿತಿ ನೋಡಿ ಹೇಳುವುದರಿಂದ ಅದು ಎರಡು ಸಾಕ್ಷಿ ಅಲ್ಲ, ಒಂದೇ ಮನೆಯ ಸುದ್ದಿ ಎರಡು ಬಾಯಲ್ಲಿ ಬಂದ ಹಾಗೆ. ಲ್ಯಾಬ್‌ಗಳು ಅನುಸರಿಸುವ 2015ರ ಅಮೆರಿಕದ ಮಾರ್ಗಸೂಚಿಯಲ್ಲೂ ಇವೆಲ್ಲ ಸೇರಿ ಒಂದೇ ಸಣ್ಣ ಪುರಾವೆ. ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನಿಸುತ್ತದೆ: ಜಿಸಿಕೆ ದೇಹದ ಸಕ್ಕರೆ ಅಳೆಯುವ ಜೀನ್, ಅದರ ಕೆಲಸ ಕುಗ್ಗಿದರೆ ಶುಗರ್ ಸ್ವಲ್ಪ ಏರುತ್ತದೆ, ಜಾಸ್ತಿಯಾದರೆ ಇಳಿಯುತ್ತದೆ, 'ಹಾನಿಕರ' ಎಂಬ ಪದ ಇದರಲ್ಲಿ ಯಾವುದು ಅಂತ ಹೇಳುವುದೇ ಇಲ್ಲ.

ಹಾಗಾದರೆ ಏನು ಮಾಡಬೇಕು? ಅಮ್ಮನಿಗೂ ಸೋದರಮಾವನಿಗೂ ಅದೇ ಜಾಗದ ಪರೀಕ್ಷೆ ಮಾಡಿಸಿ ಅಂದೆ. ಶುಗರ್ ಇರುವವರಲ್ಲಿ ಆ ಬದಲಾವಣೆ ಇದ್ದು, ಇಲ್ಲದವರಲ್ಲಿ ಇಲ್ಲದಿದ್ದರೆ ಪುರಾವೆ ಬೆಳೆಯುತ್ತದೆ. ಕೊನೆಗೆ ಇದು ನಿಜವೇ ಆದರೂ ಈ ಬಗೆಯ ಶುಗರ್ ಮೆಲ್ಲನೆಯದು, ಸಾಮಾನ್ಯವಾಗಿ ಮಾತ್ರೆಯೂ ಬೇಕಾಗುವುದಿಲ್ಲ, ಕಣ್ಣು ಕಿಡ್ನಿ ಹಾಳಾಗುವುದು ಅಪರೂಪ. ಆದರೆ ಅಮ್ಮ ತಾವಾಗಿ ಮಾತ್ರೆ ಬಿಡಬಾರದು, ಡಾಕ್ಟರನ್ನು ಕೇಳಿಯೇ. ಬಸುರಿ ಆದಾಗ ಮಾತ್ರ ಹುಡುಗಿ ಈ ರಿಪೋರ್ಟನ್ನು ಮರೆಯದೆ ತೋರಿಸಬೇಕು, ಯಾಕೆಂದರೆ ಮಗುವಿಗೆ ಇದು ಬಂದಿದೆಯೋ ಇಲ್ಲವೋ ಎಂಬುದರ ಮೇಲೆ ಆಗಿನ ಚಿಕಿತ್ಸೆ ಬದಲಾಗುತ್ತದೆ. ಬರುವ ಸಾಧ್ಯತೆ ಅರ್ಧಕ್ಕರ್ಧ.

ಮುಂದಿನ ಭೇಟಿಗೆ ಹುಡುಗನೇ ಬಂದ. "ನಾನೂ ಜೀನ್ ಪರೀಕ್ಷೆ ಮಾಡಿಸ್ಬೇಕಾ?" ಅಂತ ಕೇಳಿದ. ಈಗ ಬೇಡ, ಖಾಲಿ ಹೊಟ್ಟೆಯ ಶುಗರ್ ಒಂದು ಸಲ ನೋಡಿಸಿಕೊಂಡು ಬನ್ನಿ ಸಾಕು ಅಂದೆ.