ಕಣಾದರ ಪರಮಾಣು, ಮಾಲೂರಿನ ಇಟ್ಟಿಗೆ

ಪ್ರಶ್ನೆ: ನಮ್ಮದು ಮಾಲೂರಿನ ಹತ್ತಿರ ಇಟ್ಟಿಗೆ ಗೂಡು. ಮಗಳು ಒಂಬತ್ತನೇ ಕ್ಲಾಸು. ಪರಮಾಣುವಿನ ಪಾಠ ಓದುವಾಗ ಕಣಾದ ಮಹರ್ಷಿ, ಗ್ರೀಸಿನ ಡೆಮಾಕ್ರಿಟಸ್ ಇಬ್ಬರ ಹೆಸರೂ ಬಂತು. ‘ಸೂಕ್ಷ್ಮದರ್ಶಕವೇ ಇಲ್ಲದ ಕಾಲದಲ್ಲಿ ಇವರಿಗೆ ಹೇಗೆ ಗೊತ್ತಾಯ್ತು?’ ಅಂತ ಕೇಳಿದಳು. ಇಂಗ್ಲೆಂಡಿನ ವಿಜ್ಞಾನಿ ಡಾಲ್ಟನ್‌ಗಿಂತ ಮೊದಲೇ ನಮ್ಮವರು ಕಂಡುಹಿಡಿದಿದ್ದರು ಅಂತ ಹೇಳಿಕೊಡಬಹುದೇ?
– ಓದುಗಿ, ಮಾಲೂರು

ಉತ್ತರ: ಮಗಳು ಕೇಳಬೇಕಾದದ್ದನ್ನೇ ಕೇಳಿದ್ದಾಳೆ ತಾಯಿ. ಇಬ್ಬರೂ ಪರಮಾಣುವನ್ನು ಕಂಡವರಲ್ಲ, ವಾದ ಮಾಡಿ ಅಲ್ಲಿಗೆ ಮುಟ್ಟಿದವರು.

ಕಣಾದರ ವೈಶೇಷಿಕ ದರ್ಶನದವರು ಹೂಡಿದ ತರ್ಕ ಹೀಗಿದೆ. ಒಂದು ವಸ್ತುವನ್ನು ಒಡೆಯುತ್ತಾ ಹೋಗಿ. ಒಡೆಯುವುದಕ್ಕೆ ಕೊನೆಯೇ ಇಲ್ಲ ಅಂದರೆ ಸಾಸಿವೆ ಕಾಳಿನಲ್ಲೂ ಲೆಕ್ಕವಿಲ್ಲದಷ್ಟು ತುಣುಕು, ಮೇರು ಪರ್ವತದಲ್ಲೂ ಲೆಕ್ಕವಿಲ್ಲದಷ್ಟು ತುಣುಕು. ಹಾಗಾದರೆ ಎರಡೂ ಒಂದೇ ಗಾತ್ರ ಇರಬೇಕಿತ್ತಲ್ಲ? ಇಲ್ಲ. ಆದ್ದರಿಂದ ಒಡೆಯುವುದು ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ನಿಂತ ಜಾಗವೇ ಪರಮಾಣು, ಅದು ನಿತ್ಯ. ಇವತ್ತಿನ ಗಣಿತ ಈ ವಾದವನ್ನು ಒಪ್ಪುವುದಿಲ್ಲ. ಆದರೂ ಬರೀ ಯೋಚನೆಯ ಬಲದಿಂದ ಅಷ್ಟು ದೂರ ಹೋದವರ ಧೈರ್ಯಕ್ಕೆ ನಾನು ಇವತ್ತಿಗೂ ಕೈಮುಗಿಯುತ್ತೇನೆ.

ಸುಮಾರು 6ನೇ ಶತಮಾನದ ವೈಶೇಷಿಕ ಭಾಷ್ಯಕಾರ ಪ್ರಶಸ್ತಪಾದರ ಹೊತ್ತಿಗೆ ಲೆಕ್ಕ ಇನ್ನೂ ಬಿಗಿಯಾಯಿತು. ಎರಡು ಪರಮಾಣು ಸೇರಿ ದ್ವ್ಯಣುಕ, ಮೂರು ದ್ವ್ಯಣುಕ ಸೇರಿ ತ್ರ್ಯಣುಕ. ಕಿಟಕಿಯಿಂದ ಬೀಳುವ ಬಿಸಿಲುಕೋಲಿನಲ್ಲಿ ತೇಲುವ ದೂಳಿನ ಕಣವೇ ತ್ರ್ಯಣುಕ, ಕಣ್ಣಿಗೆ ಕಾಣುವುದರಲ್ಲೆಲ್ಲ ಚಿಕ್ಕದು. ಅಂದರೆ ಅದರಲ್ಲಿ ಆರು ಪರಮಾಣು. ನಮಗೀಗ ಗೊತ್ತಿರುವಂತೆ, ಮಿಲಿಮೀಟರಿನ ನೂರನೇ ಒಂದು ಭಾಗದಷ್ಟಿರುವ ದೂಳಿನ ಕಣದಲ್ಲೇ ಹತ್ತಾರು ಲಕ್ಷ ಕೋಟಿ ಪರಮಾಣುಗಳಿವೆ. ಇದನ್ನೂ ಮಗಳಿಗೆ ಹೇಳಿ, ಮುಚ್ಚಿಡಬೇಡಿ.

ನಿಮ್ಮದು ಇಟ್ಟಿಗೆ ಗೂಡು ಅಂತ ಓದಿದಾಗ ನನಗೆ ಬಹಳ ಖುಷಿಯಾಯಿತು. ಯಾಕೆಂದರೆ ನಮ್ಮ ಪರಮಾಣುವಾದಿಗಳ ದೊಡ್ಡ ಜಗಳ ನಡೆದದ್ದೇ ಗೂಡಿನ ಬೆಂಕಿಯ ಸುತ್ತ. ಹಸಿ ಮಡಕೆ ಕಪ್ಪಗಿರುತ್ತದೆ, ಬೆಂದ ಮೇಲೆ ಕೆಂಪಗಾಗುತ್ತದೆ. ಬಣ್ಣ ಬದಲಾದದ್ದು ಎಲ್ಲಿ? ಬಿಡಿ ಪರಮಾಣುವಿನಲ್ಲೋ, ಇಡೀ ಮಡಕೆಯಲ್ಲೋ? ವೈಶೇಷಿಕರು ಹೇಳಿದ್ದು: ಬೆಂಕಿಯ ಹೊಡೆತಕ್ಕೆ ಮಡಕೆ ಪರಮಾಣುಗಳಾಗಿ ಬಿಡಿಬಿಡಿಯಾಗುತ್ತದೆ, ಒಂದೊಂದೂ ಕೆಂಪಗಾಗಿ ಮತ್ತೆ ಕೂಡಿಕೊಳ್ಳುತ್ತವೆ, ಇದೆಲ್ಲ ಎಷ್ಟು ಬೇಗ ನಡೆಯುತ್ತದೆ ಅಂದರೆ ನಮಗೆ ಅದೇ ಮಡಕೆ ಅನ್ನಿಸುತ್ತದೆ. ನೈಯಾಯಿಕರು, ಅಂದರೆ ನ್ಯಾಯ ದರ್ಶನದವರು, ಬಿಡಲಿಲ್ಲ. ಮಡಕೆ ಬಿಡಿಬಿಡಿಯಾದರೆ ಅದರ ಮೇಲೆ ಪೇರಿಸಿದ ಮಡಕೆಗಳು ಕುಸಿದು ಬೀಳಬೇಕಿತ್ತಲ್ಲ? ಮಣ್ಣಿನಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ, ಬೆಂಕಿ ಅವುಗಳ ಮೂಲಕ ಒಳಗೆ ಹೋಗುತ್ತದೆ, ಮಡಕೆ ಇದ್ದ ಹಾಗೇ ಇದ್ದು ಬೇಯುತ್ತದೆ ಅಂದರು.

ಸರಿಯಾಗಿ ಬೇಯದ ಇಟ್ಟಿಗೆಯೊಂದನ್ನು ಅರ್ಧಕ್ಕೆ ಒಡೆದು ಮಗಳ ಕೈಗೆ ಕೊಡಿ. ಸುತ್ತ ಒಂದು ಬೆರಳಿನಷ್ಟು ಕೆಂಪು, ನಡುವೆ ಕಪ್ಪು ತಿರುಳು. ನಾನು ರಸಾಯನಶಾಸ್ತ್ರ ಪಾಠ ಮಾಡುವಾಗ ಇಂಥದ್ದೊಂದು ಹೋಳು ಮೇಜಿನ ಮೇಲೇ ಇರುತ್ತಿತ್ತು. ಮಣ್ಣಿನಲ್ಲಿರುವ ಕಬ್ಬಿಣ ಗಾಳಿಯ ಆಮ್ಲಜನಕ ಸಿಕ್ಕಲ್ಲಿ ಕೆಂಪು ಆಕ್ಸೈಡ್ ಆಗಿದೆ. ಗಾಳಿ ತಲುಪದ ಒಳಭಾಗದಲ್ಲಿ ಇಂಗಾಲ ಉರಿದುಹೋಗದೆ ಉಳಿದಿದೆ. ರಂಧ್ರದ ಮಾತು ನೈಯಾಯಿಕರ ಪರ. ಆದರೆ ನಿಜವಾದ ಬದಲಾವಣೆ ಕಬ್ಬಿಣ, ಆಮ್ಲಜನಕದ ಪರಮಾಣುಗಳು ಕೂಡಿಕೊಳ್ಳುವ ರೀತಿಯಲ್ಲಿ ಆಗುತ್ತದೆ, ಅದು ವೈಶೇಷಿಕರು ಬೆರಳು ತೋರಿಸಿದ ಕಡೆ. ಪರಮಾಣುವಿಗೇ ಬಣ್ಣ ಇದೆ ಎಂಬ ಅವರ ಮಾತು ಮಾತ್ರ ನಿಲ್ಲುವುದಿಲ್ಲ.

ಆ ವಿಷಯದಲ್ಲಿ ಡೆಮಾಕ್ರಿಟಸ್ ಮುಂದಿದ್ದ. ಕ್ರಿ.ಪೂ. 5ನೇ ಶತಮಾನದಲ್ಲಿ ಅವನೂ ಅವನಿಗಿಂತ ಮೊದಲಿನ ಲ್ಯೂಸಿಪಸ್‌ನೂ ಹೇಳಿದ್ದು ಇಷ್ಟು: ಇರುವುದು ಪರಮಾಣು ಮತ್ತು ಖಾಲಿ ಜಾಗ; ಸಿಹಿ, ಕಹಿ, ಬಣ್ಣ ಎಲ್ಲ ನಮ್ಮ ಅನುಭವಕ್ಕೆ ಬರುವಂಥವು, ಪರಮಾಣುವಿಗೆ ಇರುವುದು ಆಕಾರ ಮತ್ತು ಗಾತ್ರ. ವೈಶೇಷಿಕರಲ್ಲಿ ಮಣ್ಣಿನ ಪರಮಾಣುವಿಗೆ ವಾಸನೆಯೂ ಉಂಟು. ಜೈನರ ದಾರಿ ಬೇರೆ. ಪರಮಾಣುಗಳು ಅಂಟಿಕೊಳ್ಳುವುದು ಸ್ನಿಗ್ಧ (ಜಿಡ್ಡು), ರೂಕ್ಷ (ಒರಟು) ಎಂಬ ಗುಣಗಳಿಂದ ಎಂದು ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹೇಳುತ್ತದೆ. ಬೌದ್ಧ ವಸುಬಂಧು ಇಡೀ ವಾದಕ್ಕೇ ಕೈಹಾಕಿದ: ಒಂದು ಪರಮಾಣುವಿಗೆ ಆರು ದಿಕ್ಕಿನಿಂದ ಆರು ಪರಮಾಣು ತಾಗಿದರೆ ಅದಕ್ಕೆ ಆರು ಪಕ್ಕ ಆಯಿತು, ಪಕ್ಕ ಇದ್ದದ್ದು ಭಾಗವಿಲ್ಲದ್ದು ಹೇಗೆ? ಇದು ನನ್ನ ಮೆಚ್ಚಿನ ಪ್ರಶ್ನೆ.

ಇನ್ನು ಡಾಲ್ಟನ್. 1808ರಲ್ಲಿ ಬಂದ ಅವನ ಪುಸ್ತಕದ ಹೊಸತು ತಕ್ಕಡಿ. ಒಂದೇ ತೂಕದ ಇಂಗಾಲದ ಜೊತೆ ಸೇರುವ ಆಮ್ಲಜನಕ ಒಂದು ಅನಿಲದಲ್ಲಿ ಇಷ್ಟಿದ್ದರೆ ಇನ್ನೊಂದರಲ್ಲಿ ಸರಿಯಾಗಿ ಅದರ ಎರಡರಷ್ಟು. ನಡುವಿನ ಅಳತೆ ಇಲ್ಲ. ಪರಮಾಣು ಬಿಡಿಬಿಡಿಯಾಗಿದ್ದರೆ ಮಾತ್ರ ಹಾಗಾಗಲು ಸಾಧ್ಯ. ಅಷ್ಟಾದರೂ ನಂಬದವರಿದ್ದರು. ನೀರಿನಲ್ಲಿ ತೇಲುವ ಸಣ್ಣ ಕಣಗಳು ಸುಮ್ಮನಿರದೆ ಅತ್ತಿತ್ತ ಓಲಾಡುವುದಕ್ಕೆ 1905ರಲ್ಲಿ ಐನ್‌ಸ್ಟೈನ್ ಕೊಟ್ಟ ಸೂತ್ರವನ್ನು ಜಾನ್ ಪೆರಾನ್ ಪ್ರಯೋಗದಲ್ಲಿ ಅಳೆದು ತೋರಿಸಿದ ಮೇಲೆ ವಿವಾದ ಮುಗಿಯಿತು. ಹಾಗಾಗಿ ‘ನಾವೇ ಮೊದಲು ಕಂಡುಹಿಡಿದೆವು’ ಅಂತ ಹೇಳಿಕೊಡಬೇಡಿ. ‘ನಮ್ಮವರು ಇಂಥ ಪ್ರಶ್ನೆ ಎತ್ತಿ ಸಾವಿರ ವರ್ಷಕ್ಕೂ ಮೇಲೆ ವಾದ ಮಾಡಿದರು’ ಅಂತ ಹೇಳಿಕೊಡಿ. ಅದು ನಿಜ, ದೊಡ್ಡದೂ ಹೌದು.

ಪ್ರಶ್ನೆ: ಕೆಜಿಎಫ್ ಗಣಿಯೊಳಗೆ ಪರಮಾಣು ಸಂಶೋಧನೆ ನಡೆದಿತ್ತಂತೆ, ನಿಜವೇ?
– ಓದುಗ, ಬಂಗಾರಪೇಟೆ

ಉತ್ತರ: ನಿಜ ಸ್ವಾಮಿ, ಕೋಲಾರ ಜಿಲ್ಲೆಯವರೆಲ್ಲ ತಿಳಿದಿರಬೇಕಾದ ಸಂಗತಿ. ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ, ಅಂದರೆ ಬಂಡೆಯನ್ನೂ ಸಲೀಸಾಗಿ ದಾಟಿಹೋಗುವ ಸೂಕ್ಷ್ಮ ಕಣಗಳ, ಸುಳಿವು ಹಿಡಿದರು. ಅಷ್ಟು ಬಂಡೆ ಮೇಲಿದ್ದರೆ ಆಕಾಶದಿಂದ ಬರುವ ಬೇರೆ ಕಣಗಳ ಗದ್ದಲ ಬಹುಮಟ್ಟಿಗೆ ಅಡಗುತ್ತದೆ.

1980ರ ದಶಕದಲ್ಲಿ ಅಲ್ಲೇ 140 ಟನ್ ತೂಕದ ಉಪಕರಣ ಕೂರಿಸಿ, ಪರಮಾಣುವಿನ ಒಳಗಿನ ಪ್ರೋಟಾನ್ ತಾನಾಗಿಯೇ ಸಾಯುತ್ತದೆಯೇ ಎಂದು ಕಾದು ನೋಡಿದರು. ಕಬ್ಬಿಣದ ತಟ್ಟೆಗಳ ಪದರ, ನಡುನಡುವೆ ಕಣ ಹಾದುಹೋದರೆ ಸೂಚನೆ ಕೊಡುವ ಕೊಳವೆಗಳು. ಪ್ರೋಟಾನ್ ಸತ್ತಿರಬಹುದು ಎನ್ನಿಸುವ ಕೆಲವು ಗುರುತುಗಳು ಸಿಕ್ಕವು, ಆದರೆ ಬೇರೆ ದೇಶಗಳ ದೊಡ್ಡ ಪ್ರಯೋಗಗಳಲ್ಲಿ ಅದು ದೃಢಪಡಲಿಲ್ಲ. ಗಣಿ 2001ರಲ್ಲಿ ಮುಚ್ಚಿತು. ಪ್ರೋಟಾನ್ ಸಾಯುವುದನ್ನು ಜಗತ್ತಿನಲ್ಲಿ ಯಾರೂ ಇನ್ನೂ ಖಚಿತವಾಗಿ ಕಂಡಿಲ್ಲ. ಜಪಾನಿನ ಸೂಪರ್ ಕಾಮಿಯೊಕಾಂಡೆ ಎಂಬ ನೆಲದಡಿಯ ಪ್ರಯೋಗಾಲಯದಲ್ಲಿ ಹುಡುಕಾಟ ಮುಂದುವರಿದಿದೆ.